ಯಾವ ಚುಕ್ಕಿ ಅದು?

ಪುನರ್ವಸು ಎಂದು ನಮ್ಮ ಪಂಚಾಂಗ ಕರೆಯುವ ನಕ್ಷತ್ರದಲ್ಲಿ ಎದ್ದು ಕಾಣುವ ಚುಕ್ಕಿಗಳು ಎರಡು. ನಾವಿಕರ ಪುಸ್ತಕಗಳಲ್ಲಿ ಅವುಗಳ ಹೆಸರು ಕ್ಯಾಸ್ಟರ್ ಮತ್ತು ಪೊಲಕ್ಸ್. ಅವುಗಳ ನಡುವಿನ ಅಂತರ ನಾಲ್ಕೂವರೆ ಡಿಗ್ರಿ; ಕೈ ನೀಳವಾಗಿ ಚಾಚಿ ಮೂರು ಬೆರಳು ಅಡ್ಡ ಹಿಡಿದರೆ ಎರಡೂ ಮುಚ್ಚಿಹೋಗುತ್ತವೆ. ಜಾತಕ ಬರೆಯುವವರಿಗೆ ಇದರಿಂದ ಏನೂ ತೊಡಕಿಲ್ಲ. ಹಡಗಿನ ಅಧಿಕಾರಿಗೆ ಮಾತ್ರ ಉಂಟು. ನಕ್ಷತ್ರದ ಎತ್ತರವನ್ನು ಅಳೆಯುವಾಗ ಡಿಗ್ರಿಯ ಅರವತ್ತನೇ ಒಂದು ಭಾಗ ತಪ್ಪಿದರೆ ನೀರಿನ ಮೇಲೆ ಒಂದು ನಾಟಿಕಲ್ ಮೈಲಿ ತಪ್ಪಿದಂತೆ. ಪೊಲಕ್ಸ್ ಎಂದುಕೊಂಡು ಕ್ಯಾಸ್ಟರನ್ನು ಅಳೆದು ಲೆಕ್ಕಕ್ಕೆ ಕೂತವನ ಹಡಗು ನಕಾಶೆಯಲ್ಲಿ 270 ಮೈಲಿಯವರೆಗೂ ಸರಿದುಬಿಡಬಹುದು. ಮಂಗಳೂರಿನ ಮುಂದಿರುವವನು ರತ್ನಾಗಿರಿಯನ್ನೂ ದಾಟಿದ್ದೇನೆ ಎಂದು ಬರೆದುಕೊಳ್ಳುವಷ್ಟು ದೊಡ್ಡ ತಪ್ಪು ಇದು. ಅಳತೆ ಎಷ್ಟೇ ನಾಜೂಕಾಗಿರಲಿ, ಚುಕ್ಕಿ ಬೇರೆಯಾದರೆ ಅದು ಕೆಲಸಕ್ಕೆ ಬಾರದು.

ಆಕಾಶ ನೋಡಿ ದಾರಿ ಹಿಡಿಯುವ ವಿದ್ಯೆಯ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಸೆಕ್ಸ್‌ಟಂಟ್ ಎಂಬ ಉಪಕರಣವನ್ನೂ ಗಡಿಯಾರವನ್ನೂ ಹೊಗಳುತ್ತಾರೆ. ಅದಕ್ಕೂ ಮೊದಲು ಬರುವ ಪ್ರಶ್ನೆ, ಅಂದರೆ ಕಂಡ ಚುಕ್ಕಿ ಯಾವುದೆಂದು ತಿಳಿಯುವುದು ಹೇಗೆ ಎಂಬುದು, ಬದಿಗೆ ಬೀಳುತ್ತದೆ. ಕೊಲ್ಲಿಯ ಹಳೆಯ ಮಾಲುಮಿಗಳು, ನಮ್ಮ ಕರಾವಳಿಗೆ ಬಂದುಹೋಗುತ್ತಿದ್ದ ಲಕ್ಷದ್ವೀಪದವರು, ಇಂದಿನ ಹಡಗಿನ ಅಧಿಕಾರಿಗಳು, ಬೆಂಗಳೂರಿನಲ್ಲಿ ತಯಾರಾಗುವ ಉಪಗ್ರಹದ ಕ್ಯಾಮೆರಾಗಳು ಎಲ್ಲರೂ ಈ ಪ್ರಶ್ನೆಗೆ ಉತ್ತರ ಹುಡುಕಿದವರೇ. ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದಿಷ್ಟು: ಎಲ್ಲಿ ನೋಡಬೇಕು, ಎಷ್ಟು ಹೊತ್ತಿಗೆ ನೋಡಬೇಕು ಎಂಬುದು ಮೊದಲು, ಹೆಸರು ಕೊನೆಗೆ.

ನಾನಿದನ್ನು ಬರೆಯುತ್ತಿರುವುದು ಅಬುಧಾಬಿಯ ಅಲ್ ರೀಮ್ ದ್ವೀಪದಲ್ಲಿ ಕೂತು. ನಕ್ಷತ್ರ ನೋಡಲು ಇದಕ್ಕಿಂತ ಕೆಟ್ಟ ಜಾಗ ಹುಡುಕುವುದು ಕಷ್ಟ. ಸನ್ ಟವರ್, ಸ್ಕೈ ಟವರ್, ಗೇಟ್ ಟವರ್‌ಗಳ ಬೆಳಕು, ಸೇತುವೆಗಳ ದೀಪ, ಬೇಸಿಗೆಯಲ್ಲಿ ಸಮುದ್ರದಿಂದ ಏಳುವ ಆವಿ, ಗಾಳಿಯಲ್ಲಿ ಮರಳಿನ ಧೂಳು. ಆಕಾಶಗಂಗೆ ನೋಡಬೇಕೆನ್ನುವವರು ಕಾರು ಹತ್ತಿ ಅಲ್ ಕುವಾ ಮರುಭೂಮಿಗೆ ಹೋಗುತ್ತಾರೆ. ಆದರೂ ನಾವಿಕನ ಪಾಠಕ್ಕೆ ಈ ಬಡ ಆಕಾಶ ಸಾಕು ಎನ್ನುವವನು ನಾನು. ಸಾವಿರಾರು ಚುಕ್ಕಿಗಳ ನಡುವೆ ಗುರುತಿನ ಚುಕ್ಕಿಗಳೇ ಕಳೆದುಹೋಗುತ್ತವೆ. ಇಲ್ಲಿ ನಗರದ ಬೆಳಕು ಪುಡಿ ಚುಕ್ಕಿಗಳನ್ನೆಲ್ಲ ಅಳಿಸಿ, ಹಡಗಿನವರಿಗೆ ಬೇಕಾದ ಇಪ್ಪತ್ತು ಮೂವತ್ತನ್ನು ಮಾತ್ರ ಉಳಿಸಿಕೊಡುತ್ತದೆ. ಫೆಬ್ರುವರಿ ನಡುವಿನಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ದಕ್ಷಿಣಕ್ಕೆ ಮುಖ ಮಾಡಿದರೆ ಲುಬ್ಧಕ ಎತ್ತರದಲ್ಲಿ ಉರಿಯುತ್ತಿರುತ್ತದೆ. ಅದರ ಕೆಳಗೆ, ದಿಗಂತದಿಂದ ಹದಿಮೂರು ಡಿಗ್ರಿಯೂ ಮೇಲೇರದ ಹಾಗೆ, ಅಗಸ್ತ್ಯ. ಮಂಗಳೂರಿನಲ್ಲಿ ಅದೇ ಅಗಸ್ತ್ಯ ಇಪ್ಪತ್ತನಾಲ್ಕು ಡಿಗ್ರಿ ದಾಟುತ್ತದೆ. ಧ್ರುವನಕ್ಷತ್ರದ ಲೆಕ್ಕ ತಿರುವುಮುರುವು: ಇಲ್ಲಿ ಇಪ್ಪತ್ತನಾಲ್ಕೂವರೆ, ಅಲ್ಲಿ ಹದಿಮೂರು. ಊರಿಗೆ ರಜೆಯಲ್ಲಿ ಹೋದವರು ಬಡಗು ಆಕಾಶ ನೋಡಿ 'ಧ್ರುವ ಎಷ್ಟು ಕೆಳಗಿಳಿದಿದೆ' ಎಂದು ಗಮನಿಸಿದರೆ ಅವರು ಅಕ್ಷಾಂಶ ಅಳೆದಂತೆಯೇ.

ಈ ವಿದ್ಯೆಯ ದೊಡ್ಡ ಹೆಸರು ಈ ನೆಲದ್ದೇ. ಅಹ್ಮದ್ ಇಬ್ನ್ ಮಾಜಿದ್ ಹುಟ್ಟಿದ್ದು ಜುಲ್ಫಾರ್‌ನಲ್ಲಿ, ಇಂದಿನ ರಾಸ್ ಅಲ್ ಖೈಮಾ ಬಳಿ, 1430ರ ದಶಕದ ಆಸುಪಾಸಿನಲ್ಲಿ. ಅಪ್ಪ, ಅಜ್ಜ ಇಬ್ಬರೂ ಮಾಲುಮಿಗಳು. 1490ರ ಹೊತ್ತಿಗೆ ಆತ ಮುಗಿಸಿದ 'ಕಿತಾಬ್ ಅಲ್ ಫವಾಯಿದ್' ಹಿಂದೂ ಮಹಾಸಾಗರದ ನೌಕಾಯಾನಕ್ಕೆ ಸಂಬಂಧಿಸಿದ ಬಹುಮುಖ್ಯ ಗ್ರಂಥ, ಜಿ. ಆರ್. ಟಿಬೆಟ್ಸ್ 1971ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ವಾಸ್ಕೋ ಡ ಗಾಮನಿಗೆ ದಾರಿ ತೋರಿದವನು ಈತನೇ ಎಂಬ ಕಥೆ ನಮ್ಮ ಶಾಲಾ ಪಾಠಗಳಲ್ಲೂ ಓಡಾಡಿದೆ. ಪೋರ್ಚುಗೀಸರ ಮೂಲಗಳು ಆ ದಾರಿಗಾರನನ್ನು ಗುಜರಾತಿನವನೆನ್ನುತ್ತವೆ. ಶಾರ್ಜಾದ ಆಡಳಿತಗಾರ ಸುಲ್ತಾನ್ ಅಲ್ ಖಾಸಿಮಿ ಅವರು ಇಬ್ನ್ ಮಾಜಿದ್ ನಿರ್ದೋಷಿ ಎಂದು ಸಾಧಿಸಲು ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಇಬ್ನ್ ಮಾಜಿದನ ದಾರಿ ಎರಡು ಕವಲಿನದು. ಒಂದು, ದಿಕ್ಕು. ದಿಗಂತವನ್ನು 32 ಭಾಗ ಮಾಡಿ, ಉತ್ತರ ದಕ್ಷಿಣ ಬಿಟ್ಟು ಉಳಿದದ್ದಕ್ಕೆಲ್ಲ ಹದಿನೈದು ನಕ್ಷತ್ರಗಳ ಉದಯ, ಅಸ್ತದ ಹೆಸರಿಟ್ಟಿದ್ದರು: ಪೂರ್ವವೆಂದರೆ ಶ್ರವಣದ ಉದಯ, ಆಗ್ನೇಯದತ್ತ ಇಳಿದರೆ ಜ್ಯೇಷ್ಠಾ, ಇನ್ನೂ ಇಳಿದರೆ ಅಗಸ್ತ್ಯ, ಈಶಾನ್ಯದತ್ತ ಏರಿದರೆ ಕೃತ್ತಿಕೆ, ಸ್ವಾತಿ, ಅಭಿಜಿತ್. ಇದನ್ನು ಓದಿದವರು ಮರುಳಾಗಿ, ಆ ನಕ್ಷತ್ರ ಹುಟ್ಟುವ ಜಾಗಕ್ಕೆ ಮೂತಿ ಇಟ್ಟು ಹಡಗು ಬಿಡುತ್ತಿದ್ದರು ಎಂದು ಬರೆದುಬಿಡುತ್ತಾರೆ. ಅದು ಅಷ್ಟು ಸಲೀಸಲ್ಲ. 32 ಮನೆಗಳು ಸಮಸಮ, ನಕ್ಷತ್ರಗಳು ಹಾಗೆ ಹುಟ್ಟುವುದಿಲ್ಲ. ಶ್ರವಣ ನಿಜವಾಗಿ ಹುಟ್ಟುವುದು ಪೂರ್ವಕ್ಕಿಂತ ಹತ್ತಿರ ಹತ್ತು ಡಿಗ್ರಿ ಬಡಗಣಕ್ಕೆ. ನೇರ ಪೂರ್ವದಲ್ಲಿ ಹುಟ್ಟುವ ಮಹಾವ್ಯಾಧನ ಸೊಂಟಪಟ್ಟಿ ಪಟ್ಟಿಯಲ್ಲಿ ಒಂದು ಮನೆ ತೆಂಕಣಕ್ಕೆ ಕೂತಿದೆ. ಹೆಸರುಗಳು ನೆನಪಿಗೆ, ದಿಕ್ಕು ಅನುಭವಕ್ಕೆ.

ಎರಡನೆಯದು ಎತ್ತರ. ಅದರ ಅಳತೆ ಬೆರಳು. ಇಡೀ ವೃತ್ತಕ್ಕೆ 224 ಬೆರಳು, ಅಂದರೆ ಒಂದು ಬೆರಳಿಗೆ ಒಂದೂವರೆ ಡಿಗ್ರಿಗೆ ತುಸು ಹೆಚ್ಚು. ಅಂದಿನ ಧ್ರುವನಕ್ಷತ್ರ ಇಂದಿನ ಹಾಗೆ ಧ್ರುವಬಿಂದುವಿಗೆ ಅಂಟಿಕೊಂಡಿರಲಿಲ್ಲ. ಇಂದು ಅದು ಮುಕ್ಕಾಲು ಡಿಗ್ರಿಯೊಳಗೆ ಸುತ್ತುತ್ತದೆ. 1490ರಲ್ಲಿ ಸುಮಾರು ಮೂರೂವರೆ ಡಿಗ್ರಿ ದೂರದಲ್ಲಿತ್ತು. ಕಂಡ ಎತ್ತರವನ್ನೇ ನಂಬಿದರೆ ಇನ್ನೂರು ಮೈಲಿ ಹೋಯಿತು. ಅದಕ್ಕೆ ಅರಬ್ಬರು ಬಾಶಿ ಎಂಬ ತಿದ್ದುಪಡಿ ಇಟ್ಟಿದ್ದರು: ಆ ಗಳಿಗೆಯಲ್ಲಿ ಚಂದ್ರನ 28 ಮನೆಗಳಲ್ಲಿ ಯಾವುದು ನೆತ್ತಿಯ ರೇಖೆಯಲ್ಲಿದೆ ಎಂದು ನೋಡಿ ಅಷ್ಟು ಕೂಡಿಸು, ಇಷ್ಟು ಕಳೆ. ಅಂದರೆ ಒಂದು ಚುಕ್ಕಿಯನ್ನು ಬಳಸಲು ಆಕಾಶದ ಇನ್ನೊಂದು ಮೂಲೆಯ ಚುಕ್ಕಿಯೂ ಗೊತ್ತಿರಬೇಕು.

ಅಳೆಯಲು ಕಮಾಲ್ ಎಂಬ ಮರದ ಹಲಗೆ, ಅದರ ನಡುವೆ ಗಂಟುಗಳ ದಾರ. ಗಂಟನ್ನು ಹಲ್ಲಿನಲ್ಲಿ ಕಚ್ಚಿ, ದಾರ ಬಿಗಿಯಾಗುವವರೆಗೆ ಹಲಗೆ ಚಾಚಿ, ಕೆಳಅಂಚು ದಿಗಂತಕ್ಕೂ ಮೇಲಂಚು ನಕ್ಷತ್ರಕ್ಕೂ ತಾಗಿಸುವುದು. ಕಣ್ಣಿನಿಂದ 45 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ನಮ್ಮ ಭಟ್ಕಳ, ಹೊನ್ನಾವರದ ಧ್ರುವಕ್ಕೆ 11 ಸೆಂಟಿಮೀಟರ್ ಹಲಗೆ ಸಾಕು. ಅಬುಧಾಬಿಯ ಧ್ರುವಕ್ಕೆ ಹತ್ತಿರ ಇಪ್ಪತ್ತು ಬೇಕು. ಎರಡೂ ಅಂಚನ್ನು ಒಟ್ಟಿಗೆ ನೋಡಲು ಕಣ್ಣು ಓಡಾಡಬೇಕಾಗುತ್ತದೆ, ತಪ್ಪು ಬೆಳೆಯುತ್ತದೆ. ಕಮಾಲ್ ಕೆಳ ಅಕ್ಷಾಂಶದ, ತೆರೆದ ಸಮುದ್ರದ ಉಪಕರಣ. ಸರಾಸರಿ 35 ಮೀಟರ್ ಆಳದ ಈ ಕೊಲ್ಲಿಯೊಳಗೆ ಮಾಲುಮಿಗಳು ಹೆಚ್ಚು ನೆಚ್ಚಿದ್ದು ಸೀಸದ ಗುಂಡಿನ ಆಳದ ಅಳತೆಯನ್ನು, ನೀರಿನ ಬಣ್ಣವನ್ನು, ದಡದ ಗುರುತನ್ನು. ನಕ್ಷತ್ರದ ಎತ್ತರ ನಿಜವಾಗಿ ದುಡಿಯುತ್ತಿದ್ದುದು ಹಾರ್ಮುಜ್ ದಾಟಿ ಅರಬ್ಬೀ ಸಮುದ್ರಕ್ಕೆ ಬಿದ್ದ ಮೇಲೆ, ಅಂದರೆ ನಮ್ಮ ದಿಕ್ಕಿಗೆ ತಿರುಗಿದ ಮೇಲೆ. ವಿಜಯನಗರಕ್ಕೆ ಕುದುರೆ ತಂದು ಭಟ್ಕಳದಲ್ಲಿ ಇಳಿಸುತ್ತಿದ್ದ ಹಡಗುಗಳು ಹೀಗೆ ಬಂದವು: ಬೇಕಾದ ಬಂದರಿನ ಬೆರಳೆಣಿಕೆ ಸಿಗುವವರೆಗೆ ತೆಂಕಣಕ್ಕೆ ಇಳಿದು, ಆಮೇಲೆ ಅದೇ ಎತ್ತರ ಕಾಯ್ದುಕೊಂಡು ಮೂಡಣಕ್ಕೆ.

ನಮ್ಮ ಕಡೆಯವರು ಏನು ಮಾಡುತ್ತಿದ್ದರು? ಇದಕ್ಕೆ ಹತ್ತಿರದ ಸಾಕ್ಷಿ ಲಕ್ಷದ್ವೀಪದಲ್ಲಿದೆ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೂ ಮಂಗಳೂರು ಕೇಂದ್ರದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು ಎಂಬುದನ್ನು ನಾವೇ ಮರೆತಿದ್ದೇವೆ. ಅಲ್ಲಿನ ಓಡಗಳು ತೆಂಗಿನ ನಾರು ಹೊತ್ತು ಮಂಗಳೂರಿನ ಹಳೇ ಬಂದರಿಗೆ ಬರುತ್ತಿದ್ದವು, ಅಕ್ಕಿ ಹೊತ್ತು ಮರಳುತ್ತಿದ್ದವು. ಅವುಗಳ ಮಾಲ್ಮಿಗಳ ಬಳಿ ರಹ್ಮಾನಿ ಎಂಬ ಕೈಬರಹದ ಪುಸ್ತಕಗಳಿದ್ದವು: ಯಾವ ಊರಿಗೆ ಯಾವ ನಕ್ಷತ್ರ ಎಷ್ಟು ಎತ್ತರ, ಯಾವ ತಿಂಗಳು ಯಾವುದು ಕಾಣುತ್ತದೆ, ಎಲ್ಲವೂ ಅರಬಿ ಲಿಪಿಯ ಮಲಯಾಳದಲ್ಲಿ. ಕವರತ್ತಿಯ ಒಂದು ರಹ್ಮಾನಿಯನ್ನು ಲೋತಿಕಾ ವರದರಾಜನ್ ಸಂಪಾದಿಸಿದ್ದಾರೆ. ಚಪ್ಪಟೆ ಹವಳದ ದ್ವೀಪ ಕೆಲವೇ ಮೈಲಿ ದೂರದಿಂದ ಕಾಣುವಂಥದ್ದು. ಅದನ್ನು ತಪ್ಪಿಸಿಕೊಂಡರೆ ಮುಂದೆ ಆಫ್ರಿಕಾವೇ. ಅಂಥವರಿಗೆ ನಕ್ಷತ್ರದ ಗುರುತು ಹವ್ಯಾಸವಾಗಿರಲಿಲ್ಲ. ಮಂಗಳೂರು ಬಂದರಿನ ಚರಿತ್ರೆ ಬರೆಯುವವರು ಹೆಂಚು, ಕಾಫಿ, ಗೋಡಂಬಿಗೆ ಕೊಟ್ಟ ಪುಟಗಳಲ್ಲಿ ಒಂದೆರಡನ್ನಾದರೂ ಈ ರಹ್ಮಾನಿಗಳಿಗೆ ಕೊಡಬೇಕಿತ್ತು.

ಒಳನಾಡಿನ ನಾವು ನಕ್ಷತ್ರಗಳ ಹೆಸರಿನಲ್ಲಿ ಶ್ರೀಮಂತರು, ಗುರುತಿನಲ್ಲಿ ಬಡವರು. ರೋಹಿಣಿ, ಆರಿದ್ರಾ, ಮಘೆ, ಚಿತ್ತೆ, ಸ್ವಾತಿ ಎಂದು ಮಳೆಯ ಲೆಕ್ಕ ಹಾಕದ ರೈತನಿಲ್ಲ. ಅವುಗಳಲ್ಲಿ ಒಂದನ್ನು ಆಕಾಶದಲ್ಲಿ ತೋರಿಸಿ ಎಂದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಕಾರಣ ಸರಳ. ಆರಿದ್ರಾ ಮಳೆಯ ಹೊತ್ತಿಗೆ ಸೂರ್ಯನೇ ಆರಿದ್ರೆಯಲ್ಲಿರುತ್ತಾನೆ, ಆ ಚುಕ್ಕಿ ಕಾಣುವುದೇ ಇಲ್ಲ. ಪಂಚಾಂಗದ ನಕ್ಷತ್ರವೆಂದರೆ ಸೂರ್ಯ ಸಾಗುವ ಕ್ರಾಂತಿವೃತ್ತದ 13 ಡಿಗ್ರಿ 20 ಕಲೆಯ ಒಂದು ತುಂಡು. ಆ ಹೆಸರಿನ ಚುಕ್ಕಿ ಅಲ್ಲೇ ಇರಬೇಕೆಂದಿಲ್ಲ. ಚಂದ್ರ ಸ್ವಾತಿಯಲ್ಲಿದ್ದಾನೆ ಎಂದ ರಾತ್ರಿ ಸ್ವಾತಿಯ ಚುಕ್ಕಿ ಅವನಿಂದ ಸುಮಾರು ಮೂವತ್ತು ಡಿಗ್ರಿ ಬಡಗಣಕ್ಕೆ ಹೊಳೆಯುತ್ತಿರುತ್ತದೆ. ಕೊಲ್ಲಿಯ ಅರಬ್ಬರೂ ನಕ್ಷತ್ರಗಳಿಂದ ಹವಾಮಾನ ಎಣಿಸಿದವರೇ, ಆದರೆ ಅವರ ಲೆಕ್ಕ ಶುರುವಾಗುವುದು ಕಣ್ಣಿಗೆ ಕಾಣುವ ಒಂದು ಘಟನೆಯಿಂದ: ಆಗಸ್ಟ್ 24ರ ಸುಮಾರಿಗೆ ಬೆಳಗಿನ ಜಾವ ಸುಹೈಲ್, ಅಂದರೆ ನಮ್ಮ ಅಗಸ್ತ್ಯ, ದಿಗಂತದ ಮೇಲೆ ಮೊದಲ ಸಲ ಕಾಣಿಸುತ್ತದೆ. ಅಲ್ಲಿಂದ ಹತ್ತು ಹತ್ತು ದಿನಗಳ ಕಟ್ಟು ಕಟ್ಟಿ ವರ್ಷ ಎಣಿಸುತ್ತಾರೆ. ಬೇಸಿಗೆಯ ಸೊಕ್ಕು ಮುರಿಯಿತೆಂದು ಇಲ್ಲಿನವರು ಈಗಲೂ ಸುಹೈಲನನ್ನು ಕಾಯುತ್ತಾರೆ, ಫೋಟೋ ಹಾಕುತ್ತಾರೆ. ಅಗಸ್ತ್ಯೋದಯವಾದರೆ ನದಿಯ ನೀರು ತಿಳಿಯಾಗುತ್ತದೆಂದು ನಮ್ಮಲ್ಲೂ ನಂಬಿಕೆಯುಂಟು; ಎದ್ದು ನೋಡುವವರು ಕಡಿಮೆ. ಜಿ. ಟಿ. ನಾರಾಯಣರಾಯರಂಥವರು ಕನ್ನಡದಲ್ಲಿ ತಾರಾವೀಕ್ಷಣೆ ಕಲಿಸಲು ಅಷ್ಟು ಬರೆದದ್ದು ಈ ಬಿರುಕು ಮುಚ್ಚುವುದಕ್ಕೇ ಇರಬೇಕು.

ಇನ್ನು ಇಂದಿನ ಹಡಗಿನ ಪದ್ಧತಿ. ನಾಟಿಕಲ್ ಅಲ್ಮನಾಕ್ ಎಂಬ ವಾರ್ಷಿಕ ಪುಸ್ತಕ 57 ನಕ್ಷತ್ರಗಳನ್ನು ಆರಿಸಿಟ್ಟಿದೆ, ಧ್ರುವ ಬೇರೆ. ಅವುಗಳಲ್ಲಿ 55 ಅಲ್ ರೀಮ್‌ನಲ್ಲಿ ಒಂದಲ್ಲ ಒಂದು ಹೊತ್ತಿಗೆ ದಿಗಂತದ ಮೇಲೆ ಬರುತ್ತವೆ. ಆಟ್ರಿಯಾ, ಮಿಯಾಪ್ಲಾಸಿಡಸ್ ಎಂಬ ತೀರ ತೆಂಕಣದ ಎರಡು ಬರುವುದಿಲ್ಲ. ಮಂಗಳೂರಿನ ಕಡಲತಡಿಯಲ್ಲಿ ಐವತ್ತೇಳೂ ಬರುತ್ತವೆ, ಇದು ನಮ್ಮವರು ಹೆಮ್ಮೆಪಡಬೇಕಾದ ಸಂಗತಿ, ಯಾರೂ ಪಡುವುದಿಲ್ಲ. ಗ್ರಹಗಳಲ್ಲಿ ಶುಕ್ರ, ಮಂಗಳ, ಗುರು, ಶನಿ ಈ ನಾಲ್ಕು. ಬುಧನನ್ನು ಬಿಟ್ಟಿದ್ದಾರೆ, ಅವನು ಸೂರ್ಯನ ಸೆರಗು ಬಿಡುವವನಲ್ಲ.

ಅಳತೆಯ ಹೊತ್ತು ಅತಿ ಚಿಕ್ಕದು. ನಕ್ಷತ್ರವೂ ಕಾಣಬೇಕು, ದಿಗಂತದ ಗೆರೆಯೂ ಕಾಣಬೇಕು. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿಳಿದಾಗಿನಿಂದ 12 ಡಿಗ್ರಿ ಇಳಿಯುವವರೆಗೆ ಎರಡೂ ಸಿಗುತ್ತವೆ. ಈ ಅಕ್ಷಾಂಶದಲ್ಲಿ ಅದು ಅರ್ಧ ಗಂಟೆಯೂ ಅಲ್ಲ. ಆ ಹೊತ್ತಿನಲ್ಲಿ ಸಪ್ತರ್ಷಿಯ ಬಾಲ ಹಿಡಿದು ಸ್ವಾತಿಗೆ, ಸ್ವಾತಿಯಿಂದ ಚಿತ್ರೆಗೆ ಹೋಗುವ ಹವ್ಯಾಸಿಗಳ ಉಪಾಯ ನಡೆಯದು, ಏಕೆಂದರೆ ಸಪ್ತರ್ಷಿಯೇ ಇನ್ನೂ ಮೂಡಿರುವುದಿಲ್ಲ. ಆದ್ದರಿಂದ ಅಧಿಕಾರಿ ಮಧ್ಯಾಹ್ನವೇ ಕೂತು ಲೆಕ್ಕ ಹಾಕುತ್ತಾನೆ: ಸಂಜೆ ಇಷ್ಟು ಗಂಟೆಗೆ ಹಡಗು ಸುಮಾರು ಇಲ್ಲಿರುತ್ತದೆ, ಆಗ ಯಾವ ನಕ್ಷತ್ರ ಯಾವ ದಿಕ್ಕಿನಲ್ಲಿ ಎಷ್ಟು ಎತ್ತರದಲ್ಲಿರುತ್ತದೆ. ಇದಕ್ಕೆ ತಿರುಗುವ ತಟ್ಟೆಯ ನಕ್ಷತ್ರಸೂಚಿ ಇದೆ. ಪ್ರತಿ ಅಕ್ಷಾಂಶಕ್ಕೂ ಏಳು ಏಳು ನಕ್ಷತ್ರ ಆರಿಸಿಕೊಡುವ ಕೋಷ್ಟಕಗಳ ಪುಸ್ತಕವೂ ಇದೆ. ಆ ಎತ್ತರವನ್ನು ಸೆಕ್ಸ್‌ಟಂಟಿನಲ್ಲಿ ಮೊದಲೇ ಕೂರಿಸಿ, ಆ ದಿಕ್ಕಿಗೆ ತಿರುಗಿ, ದುರ್ಬೀನಿನಲ್ಲಿ ದಿಗಂತವನ್ನು ನೋಡಿದರೆ ಬರಿಗಣ್ಣಿಗೆ ಇನ್ನೂ ಕಾಣದ ಚುಕ್ಕಿ ಅಲ್ಲಿ ತೇಲುತ್ತಿರುತ್ತದೆ. ಸಂಜೆಯಾದರೆ ಪೂರ್ವದವನ್ನು ಮೊದಲು ಮುಗಿಸಬೇಕು, ಆ ಕಡೆಯ ದಿಗಂತವೇ ಮೊದಲು ಮಸುಕಾಗುವುದು. ಕೆಲವೊಮ್ಮೆ ಮೋಡದ ಕಿಂಡಿಯಲ್ಲಿ ಒಂದೇ ಚುಕ್ಕಿ ಕಂಡು ಮಾಯವಾಗುತ್ತದೆ. ಆಗ ಲೆಕ್ಕ ಹಿಂದುಮುಂದು: ಎತ್ತರ, ದಿಕ್ಕು, ಸಮಯ ಗೀಚಿಕೊಂಡು, ಅದರಿಂದ ಆ ಚುಕ್ಕಿಯ ಕ್ರಾಂತಿಯನ್ನೂ ವಿಷುವಾಂಶವನ್ನೂ, ಅಂದರೆ ಆಕಾಶದಲ್ಲಿ ಅದರ ವಿಳಾಸವನ್ನು, ಹಿಂದಕ್ಕೆ ಹೊರಡಿಸಿ, ಪಟ್ಟಿಯಲ್ಲಿ ಹೊಂದುವ ಹೆಸರು ಹುಡುಕುವುದು.

ಗ್ರಹಗಳದ್ದು ಬೇರೆಯೇ ತಕರಾರು. ಮಿನುಗದ್ದು ಗ್ರಹ ಎಂಬ ಶಾಲೆಯ ಪಾಠ ದಿಗಂತದ ಹತ್ತಿರ ಸೋಲುತ್ತದೆ. ಅಲ್ಲಿ ದಪ್ಪ ಗಾಳಿಯಲ್ಲಿ ಶುಕ್ರನೂ ಬಣ್ಣ ಬಣ್ಣವಾಗಿ ಕುಣಿಯುತ್ತಾನೆ. ಶುಕ್ರ ಸೂರ್ಯನಿಂದ 47 ಡಿಗ್ರಿಗಿಂತ ದೂರ ಹೋಗುವುದಿಲ್ಲ, ಹಾಗಾಗಿ ನಡುರಾತ್ರಿ ನೆತ್ತಿಯಲ್ಲಿ ಕಂಡ ಬಿಳಿ ದೀಪ ಗುರುವೇ. ಮಂಗಳ ಎರಡು ವರ್ಷಕ್ಕೊಮ್ಮೆ ಉರಿದು ಉಳಿದ ಕಾಲ ಸಾಧಾರಣ ಚುಕ್ಕಿಯಾಗಿಬಿಡುತ್ತದೆ, ಜ್ಯೇಷ್ಠೆಯ ಬಳಿ ಬಂದಾಗ ಎರಡು ಕೆಂಪುಗಳಲ್ಲಿ ಯಾವುದು ಯಾವುದೆಂದು ಹಳಬರೂ ತಡವರಿಸುತ್ತಾರೆ. ಅಲ್ಮನಾಕಿನಲ್ಲೇ ಪ್ರತಿ ವರ್ಷ ಯಾವ ಗ್ರಹವನ್ನು ಯಾವುದರ ಜೊತೆ ಯಾವಾಗ ಗೊಂದಲ ಮಾಡಿಕೊಳ್ಳಬಾರದು ಎಂಬ ಸೂಚನೆ ಅಚ್ಚಾಗುತ್ತದೆ. ಅಷ್ಟು ಓದಿದವರೂ ತಪ್ಪುತ್ತಾರೆಂದೇ ಅಲ್ಲವೇ ಅದು?

ಅಲ್ ರೀಮ್‌ನಲ್ಲಿ ಪ್ರಯೋಗ ಮಾಡಬೇಕೆನ್ನುವವರಿಗೆ ದಿಗಂತವೇ ಇಲ್ಲ. ಒಂದು ಕಡೆ ಸಾದಿಯಾತ್ ದ್ವೀಪ, ಇನ್ನೊಂದು ಕಡೆ ಜುಬೈಲ್‌ನ ಕಾಂಡ್ಲಾ ಕಾಡು, ಎಲ್ಲಾದರೂ ನೀರು ಕಂಡರೆ ಅದರಾಚೆ ಕಟ್ಟಡ. ಇದಕ್ಕೆ ಹಳೆಯ ಸರ್ವೇಯರುಗಳ ಉಪಾಯವಿದೆ: ಅಗಲ ತಟ್ಟೆಗೆ ಎಣ್ಣೆ ಸುರಿದು ನೆಲದ ಮೇಲಿಡುವುದು. ನಿಂತ ಎಣ್ಣೆಯ ಮೇಲ್ಮೈ ತಾನಾಗಿಯೇ ಮಟ್ಟ. ಅದರೊಳಗಿನ ಗುರುವಿನ ಪ್ರತಿಬಿಂಬವನ್ನೂ ಮೇಲಿನ ಗುರುವನ್ನೂ ಸೆಕ್ಸ್‌ಟಂಟಿನಲ್ಲಿ ಒಂದರ ಮೇಲೊಂದು ಕೂರಿಸಿದರೆ ಸಿಗುವುದು ಎತ್ತರದ ಇಮ್ಮಡಿ, ಅರ್ಧ ಮಾಡಿದರಾಯಿತು. ಸೆಕ್ಸ್‌ಟಂಟ್ ಸಾಮಾನ್ಯವಾಗಿ 120 ಡಿಗ್ರಿ ತನಕ ಅಳೆಯುವುದರಿಂದ ಅರವತ್ತಕ್ಕಿಂತ ಮೇಲೇರಿದ್ದನ್ನು ಹೀಗೆ ಹಿಡಿಯಲಾಗದು. ಧ್ರುವನನ್ನು ಎಣ್ಣೆಯಲ್ಲಿ ಹುಡುಕುವುದೂ ವ್ಯರ್ಥ. ಅಷ್ಟು ಮಂದ ಚುಕ್ಕಿಯ ಪ್ರತಿಬಿಂಬವನ್ನು ಈ ನಗರದ ಬೆಳಕು ನುಂಗಿಬಿಡುತ್ತದೆ. ತಟ್ಟೆಯಲ್ಲಿ ಕಂಡದ್ದು ಗುರುವೋ, ಹಿಂದಿನ ಟವರಿನ ತುದಿಯ ದೀಪವೋ ಎಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕು.

ಜಿಪಿಎಸ್ ಇರುವಾಗ ಇದೆಲ್ಲ ಏಕೆ ಎಂಬುದಕ್ಕೆ ಈ ಕೊಲ್ಲಿಯೇ ಉತ್ತರ ಕೊಟ್ಟಿದೆ. 2025ರ ಜೂನ್‌ನಲ್ಲಿ ಇಸ್ರೇಲ್, ಇರಾನ್ ಕಾದಾಟದ ದಿನಗಳಲ್ಲಿ ಹಾರ್ಮುಜ್ ಸುತ್ತಮುತ್ತ ನೂರಾರು ಹಡಗುಗಳ ಜಿಪಿಎಸ್ ಕೆಟ್ಟು, ಪರದೆಯ ಮೇಲೆ ಹಡಗುಗಳು ನೆಲದ ಮೇಲೂ ತೇಲಿದವು. ಅಂಥ ಸುದ್ದಿ ಬಂದಾಗಲೆಲ್ಲ 'ನಕ್ಷತ್ರಗಳಿಗೆ ಮರಳೋಣ' ಎಂಬ ಕೂಗು ಏಳುತ್ತದೆ. ನಾನು ಅದಕ್ಕೆ ದನಿಗೂಡಿಸಲಾರೆ. ಪಳಗಿದ ಕೈ, ಒಳ್ಳೆಯ ಸಂಜೆ ಕೂಡಿಬಂದರೂ ಸೆಕ್ಸ್‌ಟಂಟಿನ ಉತ್ತರ ಒಂದೆರಡು ಮೈಲಿ ಆಚೀಚೆ. ಹಾರ್ಮುಜ್‌ನಲ್ಲಿ ಹಡಗಿನ ಓಣಿಯ ಅಗಲವೇ ಎರಡು ಮೈಲಿ. ಸಾಲದ್ದಕ್ಕೆ ಕೊಲ್ಲಿಯ ಬಿಸಿ ಗಾಳಿಯಲ್ಲಿ ದಿಗಂತವೇ ಮೇಲೆ ಕೆಳಗೆ ಜರುಗುತ್ತದೆ. ಅಲ್ಲಿ ಕಾಪಾಡುವುದು ರಾಡಾರ್ ಮತ್ತು ದಡದ ದೀಪಗಳು. ನಕ್ಷತ್ರದ ಬೆಲೆ ಫುಜೈರಾ ದಾಟಿದ ಮೇಲೆ. 2018ರಲ್ಲಿ ಅಬುಧಾಬಿಯ ತೈಲ ಕಂಪನಿ ಅಡ್ನಾಕ್ ಮಂಗಳೂರಿನ ನೆಲದಡಿಯ ಗುಹೆಗಳಿಗೆ ಕಚ್ಚಾತೈಲ ಕಳುಹಿಸಿತಲ್ಲ, ಆ ಹಾದಿಯ ದೊಡ್ಡ ಭಾಗ ತೆರೆದ ಸಮುದ್ರ; ಅಲ್ಲಿ ಎರಡು ಮೈಲಿಯ ತಪ್ಪು ತಪ್ಪೇ ಅಲ್ಲ. ಅಂತರರಾಷ್ಟ್ರೀಯ ತರಬೇತಿ ನಿಯಮಗಳು 2010ರ ಪರಿಷ್ಕರಣೆಯಲ್ಲೂ ಆಕಾಶಯಾನವನ್ನು ಕೈಬಿಡಲಿಲ್ಲ. ಲೆಕ್ಕವನ್ನು ಕಂಪ್ಯೂಟರ್ ಮಾಡಬಹುದು ಎಂದವು, ಅಷ್ಟೆ. ಚುಕ್ಕಿ ಯಾವುದೆಂದು ಹೇಳುವ ಕೆಲಸ ಮಾತ್ರ ಮನುಷ್ಯನಿಗೇ ಉಳಿಯಿತು.

ಪೂರ್ತಿಯಾಗಿ ಇದನ್ನೇ ನೆಚ್ಚಿ ಹೊರಟವರೂ ಇದ್ದಾರೆ. ಭಾರತೀಯ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟಾಮಿ 2022ರ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಜಿಪಿಎಸ್ ನೋಡದೆ, ಸೆಕ್ಸ್‌ಟಂಟ್ ಮತ್ತು ಕಾಗದದ ನಕಾಶೆ ಹಿಡಿದು ಒಬ್ಬರೇ ಭೂಮಿ ಸುತ್ತಿ, 236 ದಿನಗಳಲ್ಲಿ, 2023ರ ಏಪ್ರಿಲ್ 29ರಂದು ಎರಡನೆಯವರಾಗಿ ದಡ ಸೇರಿದರು. ಅವರ ದೋಣಿಗೆ ಹಣ ಕೊಟ್ಟು ಹೆಸರನ್ನೂ ಕೊಟ್ಟದ್ದು ಬಯಾನತ್, ಉಪಗ್ರಹ ಚಿತ್ರಗಳಿಂದ ನಕಾಶೆ ಮಾಡುತ್ತಿದ್ದ ಅಬುಧಾಬಿಯ ಕಂಪನಿ. ಇದಕ್ಕಿಂತ ಚೆಂದದ ಜೋಡಿ ಬೇಕೆ?

ಯಂತ್ರಗಳ ಕಥೆ ಕೇಳಿದರೆ ಹಳೆಯ ಮಾಲುಮಿಗಳು ನಕ್ಕಾರು. ಉಪಗ್ರಹ ತಾನು ಯಾವ ಕಡೆ ಮುಖ ಮಾಡಿದ್ದೇನೆ ಎಂದು ತಿಳಿಯುವುದು ನಕ್ಷತ್ರಗಳಿಂದಲೇ. 2021ರ ಫೆಬ್ರುವರಿಯಲ್ಲಿ ಮಂಗಳನನ್ನು ತಲುಪಿದ ಎಮಿರೇಟ್ಸಿನ 'ಅಲ್ ಅಮಲ್', 2014ರಲ್ಲೇ ಅಲ್ಲಿಗೆ ಹೋದ ನಮ್ಮ ಮಂಗಳಯಾನ ಎರಡರಲ್ಲೂ ನಕ್ಷತ್ರ ನೋಡುವ ಕ್ಯಾಮೆರಾಗಳಿದ್ದವು. ಇಸ್ರೋಗೆ ಇಂಥ ಸಂವೇದಕಗಳನ್ನು ರೂಪಿಸುವ ಪ್ರಯೋಗಾಲಯ ಬೆಂಗಳೂರಿನ ಲಿಯೋಸ್. ಬೆಂಗಳೂರಿನದೇ ಭಾರತೀಯ ಖಭೌತ ಸಂಸ್ಥೆಯವರು ವಿದ್ಯಾರ್ಥಿಗಳು ಆಟಕ್ಕೆ ಬಳಸುವ ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಕಂಪ್ಯೂಟರಿನ ಮೇಲೆ 'ಸ್ಟಾರ್‌ಬೆರಿಸೆನ್ಸ್' ಕಟ್ಟಿ 2023ರ ಏಪ್ರಿಲ್‌ನಲ್ಲಿ ಪಿಎಸ್‌ಎಲ್‌ವಿ-ಸಿ55ರಲ್ಲಿ ಹಾರಿಸಿದರು. ಇಂಥ ಸಂವೇದಕಗಳು ಹೊಳಪನ್ನೂ ಬಣ್ಣವನ್ನೂ ಹೆಚ್ಚು ನಂಬುವುದಿಲ್ಲ. ಚಿತ್ರದಲ್ಲಿ ಕಂಡ ಚುಕ್ಕಿಗಳ ನಡುವಿನ ಕೋನಗಳನ್ನು ಅಳೆದು, ಅದೇ ಕೋನಗಳ ಗುಂಪು ತನ್ನ ಪಟ್ಟಿಯಲ್ಲಿ ಎಲ್ಲಿದೆ ಎಂದು ಹುಡುಕುತ್ತವೆ. ಒಂಟಿ ಚುಕ್ಕಿ ಅವಕ್ಕೆ ಅರ್ಥವಾಗದು; ಮೂರು ನಾಲ್ಕು ಇದ್ದರೆ ಕ್ಷಣದಲ್ಲಿ ಗುರುತು. ಕ್ಯಾಸ್ಟರಿಗೂ ಪೊಲಕ್ಸಿಗೂ ಅವು ತಡವರಿಸುವುದಿಲ್ಲ, ಏಕೆಂದರೆ ಅವು ನೋಡುವುದು ಯಾವಾಗಲೂ ಸುತ್ತಲಿನ ಇತರ ಚುಕ್ಕಿಗಳನ್ನೂ ಸೇರಿಸಿಕೊಂಡೇ. ಪಟ್ಟಿಯಲ್ಲಿ ಅವಕ್ಕಿರುವುದು ಕ್ರಮಸಂಖ್ಯೆ ಮಾತ್ರ.